ಹುಲಿಗೆಮ್ಮನ ಬೆರಳ ಮೇಲಿನ ಕೆಂಪು

ಹುಲಿಗೆಮ್ಮನ ಹೆಬ್ಬೆರಳು ಉಳಿಯುತ್ತದೋ ಇಲ್ಲವೋ. ಬೆಳಿಗ್ಗೆಯಿಂದ ತಲೆಯಲ್ಲಿ ಇದೊಂದೇ. ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದು ಮಗಳಿಗೆ ಗಂಜಿ ತಿನ್ನಿಸಿದೆ, ಬಾಯಿ ಒರೆಸಿದೆ, ಹಣೆ ಮುಟ್ಟಿ ನೋಡಿದೆ, ಮತ್ತೆ ಮುಟ್ಟಿ ನೋಡಿದೆ. ಜ್ವರವಿಲ್ಲ. ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಹುಲಿಗೆಮ್ಮ ಈ ಬಂದರು ಊರಿನ ಮಂಗೋರ್ ಹಿಲ್ ಗುಡ್ಡದಲ್ಲಿ ನಮ್ಮ ಮನೆಯ ಕೆಳಗಿನ ಸಾಲಿನವಳು. ಕೊಪ್ಪಳದ ಕಡೆಯಿಂದ ಗಂಡ ಯಮನೂರನ ಹಿಂದೆ ಬಂದಳು. ಅವನು ಬಂದರಿನಲ್ಲಿ ಅದಿರು ಬಳಿಯುತ್ತಿದ್ದ. ಎದೆ ಕಟ್ಟಿ ಸತ್ತ. ಆಮೇಲೆ ಇವಳು ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿದಳು. ಮೀನು ಮುಟ್ಟದ ಮನೆಯವಳು, ಮೊದಮೊದಲು ಮೂಗಿಗೆ ಸೆರಗು ಕಟ್ಟಿಕೊಂಡೇ ಸುಲಿದಳಂತೆ. ೨೦೦೮ರಲ್ಲಿ ನಾನು ಪಿಎಚ್‌ಡಿ ಮಾಡುವ ಕಾಲೇಜಿನ ಲ್ಯಾಬಿಗೆ ಸಿಗಡಿ ಸಿಪ್ಪೆ ಬೇಕಾದಾಗ ನಾನೇ ಅವಳನ್ನು ಕರೆತಂದೆ. ಸಿಪ್ಪೆ ತೊಳೆದು ಒಣಗಿಸುವುದು ಅವಳ ಕೆಲಸ. "ನನ್ನ ಹೊಟ್ಟಿ ತುಂಬೂದೂ ಸಿಪ್ಪಿಲೆ, ನೀವು ಡಾಕ್ಟ್ರಾಗೂದೂ ಸಿಪ್ಪಿಲೆ" ಎಂದು ಚೇಷ್ಟೆ ಮಾಡುತ್ತಿದ್ದಳು. ರಜೆಯ ದಿನ ಬಂದು ನನ್ನ ಮಗಳನ್ನು ಆಡಿಸುತ್ತಿದ್ದಳು.

ಆ ಸಿಪ್ಪೆಯ ಸತ್ವಕ್ಕೆ ಕಡಲಪಾಚಿಯ ಲೋಳೆ, ಬೇವು, ಅರಿಶಿನ ಬೆರೆಸಿ ಗಾಯಕ್ಕೆ ಅಂಟಿಸುವ ಜೆಲ್ ಮಾಡುತ್ತಿದ್ದೆವು. ನೋಡಲು ಹಳದಿ ಜೆಲ್ಲಿಯ ಹಾಗೆ. ಗಾಯ ಕೆಟ್ಟರೆ ಅದರ ರಸ ಸುಣ್ಣದ ನೀರಿನ ಗುಣಕ್ಕೆ ತಿರುಗುತ್ತದೆ. ಅದು ತಾಕಿದಾಗ ಜೆಲ್ ಉಬ್ಬಿ ಒಳಗಿನ ಬೇವು ಬಿಡಬೇಕು, ಅರಿಶಿನ ಕೆಂಪಾಗಿ ಎಚ್ಚರಿಸಬೇಕು. ಗಾಜಿನ ತಟ್ಟೆಯಲ್ಲಿ ಎಲ್ಲ ಸರಿಯಾಗಿತ್ತು. ಮನುಷ್ಯರ ಚರ್ಮಕ್ಕೆ ಇನ್ನೂ ಮುಟ್ಟಿಸಿರಲಿಲ್ಲ.

ಇಂದು ರವಿವಾರ. ಬೆಳಿಗ್ಗೆ ಅವಳು ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಹೆಬ್ಬೆರಳು ಕಂಡಿತು. ಬಾತು ಮಿರಮಿರ ಮಿಂಚುತ್ತಿತ್ತು. ಮೇಲೆ ಜೆಲ್‌ನ ಚೂರು, ಕಡುಕೆಂಪು.

"ಇದೇನ ಹುಲಿಗೆಮ್ಮಾ?"

"ನಮ್ಮ ಔಷಧಾನ ಐತ್ರಿ ಬಾಯಾರ. ಸಿಗಡಿ ಮುಳ್ಳ ಚುಚ್ಚಿತ್ತು, ಲ್ಯಾಬಿಂದ ಒಂದ ಚೂರ ತಂದು ಹಚ್ಚಿಗೊಂಡೆ. ಎಷ್ಟ ಚಲೋ ಕೆಂಪಾಗೇತಿ ನೋಡ್ರಿ. ದೇವಿ ಅವ್ವ ಕುಂಕುಮ ಇಟ್ಟಾಳ."

"ಕೆಂಪಾತಂದ್ರ ಗಾಯ ಕೆಟ್ಟೈತಿ ಅಂತ."

"ಕುಂಕುಮ ಎಲ್ಲೆರ ಕೆಟ್ಟದ್ದಿರತೈತೇನ್ರಿ? ಏನ ಕಲಿಸ್ಯಾರೋ ನಿಮಗ ಸಾಲ್ಯಾಗ!" ನಕ್ಕಳು. "ಯಮನೂರ ಹೋದಮ್ಯಾಗ ಹಣಿಗಂತೂ ಇಲ್ಲ. ಬೆರಳಿಗರ ಇರ್ಲಿ ಬಿಡ್ರಿ."

"ನೋಯೂದಿಲ್ಲೇನು?"

"ನಿನ್ನಿತನಾ ಭಾಳ ನೋಯ್ತಿತ್ತು. ಇವತ್ತ ಮುಟ್ಟಿದ್ರೂ ಗೊತ್ತಾಗವಲ್ದು. ಆರಿತಲ್ರಿ, ಮತ್ತೇನು?"

ಮಣಿಕಟ್ಟಿನಿಂದ ಮೊಣಕೈ ಕಡೆಗೆ ಒಂದು ಕೆಂಪು ಗೆರೆ ಹತ್ತಿತ್ತು. ನಾನು ಮಗಳನ್ನು ಅವಳ ತೊಡೆಯಿಂದ ಎತ್ತಿಕೊಂಡೆ. ಅವಳ ನಗು ನಿಂತಿತು. ಖಾಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಳು.

"ದವಾಖಾನಿಗೆ ಹೋಗೂಣು, ಏಳು."

"ಅಲ್ಲಿ ಇದನ್ನ ಕಿತ್ತ ಒಗೀತಾರ."

"ಒಗೀಲಿ. ಬೆರಳ ಹೋದ್ರ?"

ಸೆರಗಿನ ತುದಿಯಲ್ಲಿ ಹೆಬ್ಬೆರಳು ಮುಚ್ಚಿಕೊಂಡಳು. ಚಳಿಜ್ವರಕ್ಕೆ ಮೈ ಸಣ್ಣಗೆ ನಡುಗುತ್ತಿತ್ತು. "ಬರ್ತೀನಿ. ಆದ್ರ ಸಾಹೇಬ್ರಿಗೆ ಹೇಳಬ್ಯಾಡ್ರಿ ಬಾಯಾರ. ತಗದ ಹಾಕ್ತಾರ. ಆ ಶೆಡ್ಡಿಗೆ ಮತ್ತ ನಾ ಹೋಗಾಂಗಿಲ್ಲ."

ಹೇಳದಿರುವುದು ಹೇಗೆ? ಏನು ಹಚ್ಚಿದ್ದೀರಿ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಜೆಲ್ ಗಟ್ಟಿಯಾಗಲೆಂದು ಬೆರೆಸಿದ ರಾಸಾಯನಿಕ ಯಾವುದು, ಎಷ್ಟು, ಎಂಬುದು ಅವಳು ಸಾಹೇಬರೆನ್ನುವ ನಮ್ಮ ಲ್ಯಾಬಿನ ಸರ್‌ಗೆ ಮಾತ್ರ ಗೊತ್ತು. ಹೇಳಿದರೆ ಇವಳ ಕೆಲಸ ಹೋಗುತ್ತದೆ, ಬಹುಶಃ ನನ್ನದೂ. ಹಾಗಂತ ಯೋಚಿಸಿದೆ, ಆದರೆ ಒಳಗೆ ಏನೂ ಅಲುಗಲಿಲ್ಲ. ಮಗಳನ್ನು ಸೊಂಟಕ್ಕೆ ಕೂರಿಸಿಕೊಂಡು ಮೊಬೈಲ್ ತೆಗೆದೆ. ಹುಲಿಗೆಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

"ಸರ್, ನಾನು ಜಯಶ್ರೀ. ನಮ್ಮ ಜೆಲ್ ಒಬ್ಬರ ಕೈಮೇಲಿದೆ. ಹೌದು ಸರ್, ಮನುಷ್ಯರ ಕೈ. ಕೆಂಪಾಗಿದೆ, ನಂಜು ಏರುತ್ತಿದೆ. ಆಸ್ಪತ್ರೆಗೆ ಹೊರಟಿದ್ದೇವೆ. ಅದರಲ್ಲಿ ಏನೇನಿದೆ ಅಂತ ನೀವೇ ಡಾಕ್ಟರಿಗೆ ಹೇಳಬೇಕು."

ಅತ್ತ ಕಡೆ ಕುರ್ಚಿ ಸರಿದ ಸದ್ದು. "ಯಾರ ಕೈ?"

ಹುಲಿಗೆಮ್ಮ ಮುಖ ಆಚೆ ತಿರುಗಿಸಿದಳು.

"ಹುಲಿಗೆಮ್ಮನದು ಸರ್" ಎಂದೆ.