ಗೂಟದಮ್ಮನ ಹಗ್ಗ

ನಮ್ಮ ನಡುಗಡ್ಡೆಗೆ ತಲೆಯಿದೆ, ಬಾಲವಿದೆ. ಮೇಲಿನಿಂದ ಬರುವ ಹೊಳೆ ತಲೆಯ ಕಡೆ ಕೊರೆದು ತಿನ್ನುತ್ತದೆ, ಆ ಮಣ್ಣನ್ನೇ ಒಯ್ದು ಕೆಳಗೆ ಬಾಲಕ್ಕೆ ಮೆತ್ತುತ್ತದೆ. ಈ ತುದಿಯಿಂದ ಆ ತುದಿಗೆ ಮೂರು ಗಂಟೆಯ ನಡಿಗೆ. ನಡುವೆಲ್ಲ ಜೋಳ, ಗೆಣಸು, ಕಲ್ಲಂಗಡಿ. ನನ್ನ ಮುತ್ತಾತ ಮನೆ ಕಟ್ಟಿದ ಜಾಗದಲ್ಲಿ ಈಗ ದೋಣಿ ಓಡಾಡುತ್ತದೆ. ಹಾಗೆಂದು ಹೊಳೆಯ ಮೇಲೆ ನಮಗೆ ಸಿಟ್ಟಿಲ್ಲ. ಒಂದು ಕೈಯಲ್ಲಿ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಲ್ಲಿ ಕೊಡುವಷ್ಟು ಮರ್ಯಾದೆ ಅದಕ್ಕಿದೆ. ನನ್ನ ಸಿಟ್ಟೆಲ್ಲ ಆಚೆ ದಡದ ಕಚೇರಿಯ ಮೇಲೆ.

ನನ್ನ ದೊಡ್ಡಮ್ಮನನ್ನು ಎಲ್ಲರೂ ಗೂಟದಮ್ಮ ಎನ್ನುತ್ತಿದ್ದರು. ಮಳೆಗಾಲಕ್ಕೆ ಮುಂಚೆ ತಲೆಯ ಕಡೆಯ ಹೊಲಗಳಲ್ಲಿ ಗೂಟ ಹೊಡೆಯುವುದು, ನೀರಿಳಿದ ಮೇಲೆ ಯಾರದ್ದೆಷ್ಟು ಹೋಯಿತೆಂದು ಹಗ್ಗ ಹಿಡಿದು ಅಳೆಯುವುದು, ಅಷ್ಟೇ ಹೊಸ ಮಣ್ಣನ್ನು ಬಾಲದಲ್ಲಿ ಅವರಿಗೆ ಅಳೆದು ಬಿಡುವುದು ಅವಳ ಕೆಲಸ. ನಲವತ್ತು ವರ್ಷ ಮಾಡಿದಳು. ಸ್ವಂತ ಮೈದುನ, ಅಂದರೆ ನನ್ನಪ್ಪ, ಒಂದು ಮೊಳ ಜಾಸ್ತಿ ಕೇಳಿ ಎಲ್ಲರೆದುರು ಬೈಸಿಕೊಂಡಿದ್ದ. "ಹಗ್ಗಕ್ಕೆ ನೆಂಟರಿಲ್ಲ ಕಣಯ್ಯ!" ಅಂದಿದ್ದಳು. ಇದನ್ನೆಲ್ಲ ಕಾಗದದಲ್ಲಿ ಬರೆಸಿಡಬೇಕೆಂದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲ. ಅದು ನಮ್ಮ ತಪ್ಪೇ, ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಅವಳ ಹೊಲದ ಕೊನೆಯ ತುಂಡೂ ನೀರಿಗೆ ಬಿತ್ತು. ಬಾಲದಲ್ಲಿ ತನ್ನ ಪಾಲು ಅಳೆದುಕೊಂಡು ಗೆಣಸಿನ ಬಳ್ಳಿ ನೆಟ್ಟಳು. ಬಳ್ಳಿ ಹಬ್ಬುವ ಹೊತ್ತಿಗೆ ಕಚೇರಿಯವರು ಬಂದು ಬಾಲದುದ್ದಕ್ಕೂ ತಂತಿಬೇಲಿ ಹಾಕಿದರು. ಮರಳು ತೆಗೆಯುವ ಗುತ್ತಿಗೆದಾರನಿಗೆ ಕೊಟ್ಟಾಗಿದೆಯಂತೆ! ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಕೇಳಿದ್ದೆ, ಕಣ್ಣಾರೆ ನೋಡಿದ್ದು ಆವತ್ತೇ.

ಇಬ್ಬರೂ ಕಚೇರಿಗೆ ಹೋದೆವು. ಸರ್ವೆಯವನು ಹಳೆಯ ನಕ್ಷೆ ಹರಡಿ ಬೆರಳಿಟ್ಟ.

"ನೋಡಮ್ಮ, ತಲೆ ಕಡೆ ನಿಮ್ಮ ಹೊಲ ಇದೆಯಲ್ಲ. ಇನ್ನೊಂದು ಯಾಕೆ?"

"ಅದು ನೀರೊಳಗಿದೆ ಸ್ವಾಮಿ."

"ನಕ್ಷೇಲಿ ನೀರಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಜಿನ ಪಕ್ಕದಲ್ಲೇ ಕಿಟಕಿ, ಕಿಟಕಿಯಾಚೆ ಹೊಳೆ. ಕತ್ತು ತಿರುಗಿಸಿದ್ದರೆ ಸಾಕಿತ್ತು.

"ಹಾಗಾದ್ರೆ ಬನ್ನಿ, ತೋರಿಸ್ತೀನಿ," ಅಂದಳು ದೊಡ್ಡಮ್ಮ.

ಎಂಟು ಸಲ ಅಲೆಸಿ, ಕೊನೆಗೂ ಬಂದ. ದೋಣಿ ನಡೆಸಿದವನು ನಾನು. ಆಚೆ ದಡದ ನೀರಿನ ಟ್ಯಾಂಕು ಮತ್ತು ನಮ್ಮ ಶಾಲೆಯ ಮೂಲೆ ಒಂದೇ ಗೆರೆಗೆ ಬಂದಾಗ ಅವಳು ಕೈ ಎತ್ತಿದಳು. ಲಂಗರಿನ ಕಲ್ಲು ಇಳಿಸಿದೆ. ಅವಳು ತನ್ನ ಹಗ್ಗದ ತುದಿಗೆ ಇನ್ನೊಂದು ಕಲ್ಲು ಕಟ್ಟಿ ಬಿಟ್ಟಳು. ತಳ ಮುಟ್ಟುವಾಗ ಮೂರಾಳುದ್ದ ಹಗ್ಗ ಒಳಗೆ ಹೋಗಿತ್ತು.

"ಇದೇ ನಮ್ಮ ಹೊಲ. ಇಳೀರಿ ಸ್ವಾಮಿ, ಅಳೀರಿ."

ಅವನು ಎರಡೂ ಕೈಯಲ್ಲಿ ದೋಣಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದ. "ಗೊತ್ತಾಯ್ತಮ್ಮ, ಗೊತ್ತಾಯ್ತು. ಮೊದಲು ದಡಕ್ಕೆ ಹೋಗೋಣ."

ಗೆದ್ದೆವು ಅಂದುಕೊಂಡೆವು, ಪೆದ್ದರು ನಾವು.

ಹದಿನೈದು ದಿನಕ್ಕೆ ಕಾಗದ ಬಂತು. ನಾನೇ ಓದಿದೆ: "ಸ್ಥಳ ಪರಿಶೀಲಿಸಲಾಯಿತು. ಜಮೀನು ಅರ್ಜಿದಾರರ ಸ್ವಾಧೀನದಲ್ಲಿದೆ. ನೀರಿನ ಅನುಕೂಲ ಚೆನ್ನಾಗಿದೆ."

ದೊಡ್ಡಮ್ಮ ಇನ್ನೊಂದು ಸಲ ಓದಿಸಿದಳು. ಬಾಲದ ಕಡೆಯಿಂದ ಯಂತ್ರದ ಸದ್ದು ಕೇಳುತ್ತಿತ್ತು. ಅವಳ ಗೆಣಸು ಮರಳಿನ ಜೊತೆ ಆಚೆ ದಡಕ್ಕೆ ಹೋಗುತ್ತಿತ್ತು. ಮಳೆಗಾಲಕ್ಕೆ ಇನ್ನು ಒಂದೇ ತಿಂಗಳು. ಗೂಟ ಕೆತ್ತುವ ಹೊತ್ತು. ಅವಳು ಒಳಗೆ ಹೋಗಿ ಮೊಳೆಯಿಂದ ಹಗ್ಗ ಬಿಚ್ಚಿ ತಂದು ನನ್ನ ಕೈಗೆ ಹಾಕಿದಳು.

"ತಗೋ, ಬಾವಿಗೆ ಕಟ್ಕೋ," ಅಂದಳು. "ನೀರಾದ್ರೂ ಸೇದು."