ಸುಣ್ಣವಿಲ್ಲದ ಸಂಚಿ

ದೊಡ್ಡವ್ವನ ಹಲ್ಲಿನ ಸಂದಿ ಸಂದಿಯಲ್ಲೂ ಎಲೆ ಅಡಿಕೆಯ ಕಂದುಗೆಂಪು ಕರೆ ಕಟ್ಟಿತ್ತು. ಆದರೆ ನಾನು ಕಂಡಷ್ಟು ಕಾಲ ಆಕೆ ಒಂದು ಎಲೆಯನ್ನೂ ಬಾಯಿಗಿಟ್ಟವಳಲ್ಲ. ಎಲೆ ಸಂಚಿ ಮಾತ್ರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಮೊದಲು ಯಾವ ಬಣ್ಣದ್ದಾಗಿತ್ತೆಂದು ಹೇಳಲಾರದಷ್ಟು ಮಾಸಿದ್ದ ಹಳೆಯ ಬಟ್ಟೆ ಸಂಚಿ ಅದು.

ನಾನು ಹೊಳೆ ದಂಡೆಯ ಮಾಧವರಂನವಳು. ತೆಲುಗು ಸೀಮೆಯ ಆಸ್ಪರಿ ಕಡೆಯ ಈ ಒಣ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಕೊಡ ನೀರನ್ನು ಎಣ್ಣೆಯಂತೆ ಬಳಸುವುದನ್ನು ಕಲಿಯಬೇಕಾಯಿತು, ಅತ್ತೆಯ ಮಾತನ್ನು ನುಂಗುವುದನ್ನೂ ಕಲಿಯಬೇಕಾಯಿತು. ದೊಡ್ಡವ್ವ ಪಕ್ಕದ ಮನೆಯವಳು. ನಮಗೇನೂ ನೆಂಟಳಲ್ಲ, ಓಣಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಂದು ದಿನ ಬೀಗರು ಬಂದು ಊಟ ಮುಗಿಸಿ ಕುಳಿತಾಗ ನಮ್ಮ ಮನೆಯಲ್ಲಿ ಎಲೆ ತೀರಿಹೋಗಿತ್ತು. ಓಡಿಹೋಗಿ, "ದೊಡ್ಡವ್ವ, ನಿನ್ನ ಸಂಚ್ಯಾಗ ನಾಕು ಎಲಿ ಇದ್ರ ಕೊಡು" ಎಂದೆ. ಆಕೆ ಸಂಚಿ ಬಿಚ್ಚಿ ನನ್ನ ಅಂಗೈ ಮೇಲೆ ಬೋರಲು ಹಾಕಿದಳು. ಕಣ್ಣಿಗೆ ಹಚ್ಚುವ ಮುಲಾಮಿನ ಟ್ಯೂಬು, ಸೂಜಿ, ಕರಿ ದಾರ, ಹಳೆಯ ಪ್ಯಾಂಟಿನ ಬಟ್ಟೆಯ ತುಂಡು.

"ಇದನ್ನ ತಿಂತಾರೇನು ನಿಮ್ಮ ಬೀಗರು?"

ಬರಿಗೈಲಿ ಬಂದ ನನ್ನನ್ನು ನೋಡಿ ಅತ್ತೆ ನಕ್ಕಿದ್ದೇ ನಕ್ಕಿದ್ದು. "ಆಕಿ ಹಂತ್ಯಾಕ ಎಲಿ ಕೇಳಾಕ ಹೋಗಿದ್ದೇನು? ಅದು ದನದ ದವಾಖಾನಿ" ಎಂದರು.

ದೊಡ್ಡವ್ವನದು ಇನ್ನೊಂದು ಅಭ್ಯಾಸವಿತ್ತು. ಯಾರ ಹತ್ತಿರ ಹೋಗುವುದಿದ್ದರೂ ದೂರದಿಂದಲೇ, "ನಾನದೀನಿ, ಬರಾಕತ್ತೀನಿ" ಎಂದು ಕೂಗಿಕೊಂಡೇ ಬರುತ್ತಿದ್ದಳು. ಬಾವಿಕಟ್ಟೆಗೆ ಬಂದರೂ ಅಷ್ಟೇ, ನಮ್ಮ ಅಡಿಗೆಮನೆಗೆ ಬಂದರೂ ಅಷ್ಟೇ. ನನ್ನ ಗಂಡ, "ಹಾರ್ನ್ ಹೊಡಕೋತ ಪತ್ತಿಕೊಂಡದ ಬಸ್ಸು ಬಂತು ನೋಡು" ಎಂದು ಚೇಷ್ಟೆ ಮಾಡುತ್ತಿದ್ದ. ಆಕೆ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಸಂಚಿಗೂ ಈ ಕೂಗಿಗೂ ಒಂದೇ ಕಾರಣವೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಇಬ್ಬರೂ ಬಿತ್ತನೆಗೆ ಶೇಂಗಾ ಸುಲಿಯುತ್ತ ಕುಳಿತಿದ್ದಾಗ.

ನಾನು ಬರುವುದಕ್ಕೆ ಮೊದಲಿನ ಮಾತು. ಆಕೆಯ ಜೋಡಿ ಎತ್ತಿನಲ್ಲಿ ಎಡಗಡೆಯದಕ್ಕೆ ಮಳೆಗಾಲದಲ್ಲಿ ಕಣ್ಣುಬೇನೆ ಬಂತು. ಎಡಗಣ್ಣಿನಿಂದ ಒಂದೇ ಸಮನೆ ನೀರು, ನೊಣಗಳ ಮುತ್ತಿಗೆ, ಬಿಸಿಲಿಗೆ ಬಂದರೆ ರೆಪ್ಪೆ ತೆರೆಯದು. ನಮ್ಮ ಕಡೆ ಇಂಥದ್ದಕ್ಕೆ ಎಲೆಗೆ ಉಪ್ಪು ಸೇರಿಸಿ ಅಗಿದು ಕಣ್ಣಿಗೆ ಉಗುಳುವುದು ರೂಢಿ. ದೊಡ್ಡವ್ವನ ಬಾಯಲ್ಲಿ ಆಗಲೇ ಎಲೆ ಅಡಿಕೆ ಇತ್ತು. ಅದನ್ನು ಉಗಿದು, ಬಾಯಿ ಮುಕ್ಕಳಿಸದೆ, ಅವಸರದಲ್ಲಿ ಬೇರೆ ಎಲೆ ಅಗಿದು ಎತ್ತಿನ ಕಣ್ಣಿಗೆ ಉಗುಳಿದಳು. ಎತ್ತು ಹೌಹಾರಿ ತಲೆ ಕೊಡವಿತು. ಬಾಯಲ್ಲಿ ಉಳಿದ ಸುಣ್ಣದ ನೆನಪು ಆಕೆಗೆ ಬಂದದ್ದು ಆಮೇಲೆ.

ಕಣ್ಣಿಗೆ ಹೂವು ಬಿತ್ತು. ಗುಡ್ಡೆಯೆಲ್ಲ ಬೆಳ್ಳಗಾಯಿತು. ಆಸ್ಪರಿಯ ದನದ ದವಾಖಾನೆಗೆ ಹೊಡೆದುಕೊಂಡು ಹೋದಾಗ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಕಂಟ್ಲೋ ಏಮಿ ಪೋಸಿನಾರಮ್ಮಾ?" ಎಂದರಂತೆ. ಕಣ್ಣಿಗೆ ಏನು ಹಾಕಿದಿರಿ ಎಂದು ಕೇಳಿದ್ದು. ಸಂತೆಯಲ್ಲಿ ಗಂಟೆಗಟ್ಟಲೆ ತೆಲುಗಿನಲ್ಲಿ ಚೌಕಾಸಿ ಮಾಡುವ ಹೆಂಗಸು ಆಕೆ. ಅವತ್ತು ತೆಲುಗು ಬಾಯಿಗೆ ಬರಲಿಲ್ಲ.

"ನನ್ನ ಬಾಯಾಗಿನ ಸುಣ್ಣ, ಸಾರ್" ಎಂದಳಂತೆ.

ಡಾಕ್ಟರು ಒಳ್ಳೆಯವರು. ಈ ಬೇನೆಗೇ ಕಣ್ಣು ಹೋಗುವುದುಂಟು, ಸುಣ್ಣದಿಂದಲೇ ಹೋಯಿತೆಂದು ಹೇಳಲಾಗದು, ಮೊದಲೇ ತಂದಿದ್ದರೆ ಮುಲಾಮಿಗೇ ವಾಸಿಯಾಗುತ್ತಿತ್ತೇನೋ ಎಂದರು. ದೊಡ್ಡವ್ವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮನೆಗೆ ಬಂದವಳೇ ಸುಣ್ಣದ ಡಬ್ಬಿಯನ್ನು ತಿಪ್ಪೆಗೆ ಎಸೆದಳು. ಅಲ್ಲಿಂದಾಚೆ ಎಲೆ ಮುಟ್ಟಲಿಲ್ಲ.

ಮೊದಲಿನಿಂದ ನೊಗದ ಎಡಕ್ಕೇ ಕಟ್ಟಿಸಿಕೊಂಡ ಎತ್ತು. ಬಲಕ್ಕೆ ಬದಲಿಸಿದರೆ ಕುರುಡು ಮಗ್ಗುಲಿಗೆ ಜೋಡಿ ಎತ್ತಿನ ಮೈ ಆಸರೆಯಾಗುತ್ತಿತ್ತು, ಆದರೆ ಅದು ಒಪ್ಪದೆ ನಿಂತುಬಿಟ್ಟಿತು. ಹಾಗಾಗಿ ತನ್ನ ಮಗ ಕುಂಟೆ ಹೊಡೆಯುವಾಗ ದೊಡ್ಡವ್ವನೇ ಅದರ ಎಡಕ್ಕೆ ನಡೆಯತೊಡಗಿದಳು. ಕಾಣದ ಕಡೆಯಿಂದ ಏನು ಸದ್ದಾದರೂ ಅದರ ಮೈ ಅದುರುತ್ತಿತ್ತು. ಅದಕ್ಕೇ ಆಕೆ ದೂರದಿಂದ, "ನಾನದೀನಿ, ಬರಾಕತ್ತೀನಿ" ಎನ್ನುತ್ತ ಹೋಗುತ್ತಿದ್ದಳು. ಆ ಮಾತು ನಾಲಿಗೆಗೆ ಅಂಟಿ, ಎರಡು ಕಣ್ಣಿದ್ದ ನಮಗೂ ಅದೇ ಕೂಗು ದಕ್ಕಿತು.

"ನನ್ನ ದನಿ ಕೇಳಿದ್ರ ಕತ್ತು ತಿರುವಿ ಚಲೋ ಕಣ್ಣಿಲೆ ನೋಡ್ತಿದ್ದ. ಬೈದಿದ್ರ ಚಲೋ ಇತ್ತವ್ವ. ಅಂವ ಕೈ ನೆಕ್ಕತಿದ್ದ" ಎಂದಳು ದೊಡ್ಡವ್ವ, ಶೇಂಗಾ ಸಿಪ್ಪೆ ಕೊಡವುತ್ತ. ಒಕ್ಕಣ್ಣಿನ ಎತ್ತನ್ನು ಯಾರೂ ದುಡಿಸಲು ಕೊಳ್ಳುವುದಿಲ್ಲ. ಕಸಾಯಿಖಾನೆಗೆ ಕೇಳಿಕೊಂಡು ಬಂದ ದಲ್ಲಾಳಿಯನ್ನು ಆಕೆ ಬಾಗಿಲಲ್ಲಿ ನಿಲ್ಲಲೂ ಬಿಡಲಿಲ್ಲ. ಎತ್ತು ಮುದಿಯಾಗಿ, ಕೊಟ್ಟಿಗೆಯಲ್ಲೇ ಸತ್ತಿತು.

ಶೇಂಗಾ ಸುಲಿಯುತ್ತ ಈ ಮಾತು ಕೇಳಿದ ಮರುವರ್ಷ ನಮ್ಮ ಮನೆಯ ಕೆಂದಾಕಳಿಗೆ ಕಣ್ಣುಬೇನೆ ಬಂತು. ಚೊಚ್ಚಲು ಗಬ್ಬದ ಹಸು, ನನ್ನ ತವರಿನಿಂದ ಬಂದದ್ದು. ನಮ್ಮತ್ತೆ ಎಲೆ ಉಪ್ಪು ಬಾಯಿಗೆ ಹಾಕಿಕೊಂಡು ಅಗಿಯುತ್ತ ಹಗ್ಗ ಹಿಡಿದಿದ್ದರು. ಅವತ್ತೊಂದೇ ದಿನ ದೊಡ್ಡವ್ವ ಕೂಗದೆ ಬಂದಳು. ಸೀದಾ ಹಸುವಿಗೂ ಅತ್ತೆಗೂ ನಡುವೆ ನಿಂತಳು.

"ಉಗುಳು. ನೆಲಕ್ಕ ಉಗುಳು ಮೊದಲ."

"ನಮ್ಮ ಆಕಳು, ನಮ್ಮ ಬಾಯಿ. ನಿಂದೇನೈತಕ್ಕ?" ಎಂದರು ಅತ್ತೆ, ತುಂಬಿದ ಬಾಯಿಯಲ್ಲೇ.

"ನನಗ ಉಗುಳು ಬೇಕಾದ್ರ. ಅದರ ಕಣ್ಣಿಗಿ ಬ್ಯಾಡ."

ಅತ್ತೆ ಆಕೆಯ ಕಾಲ ಬುಡದಲ್ಲೇ ಉಗುಳಿ ಒಳಗೆ ಹೋದರು. ದೊಡ್ಡವ್ವ ಕಾಲು ತೆಗೆಯಲೂ ಇಲ್ಲ. ನನ್ನ ಗಂಡನನ್ನು ಡಾಕ್ಟರ ಹತ್ತಿರ ಓಡಿಸಿದಳು. ಅವರು ಬಂದು ಸೂಜಿ ಹಾಕಿ, ಮುಲಾಮು ಕೊಟ್ಟು ಹೋದರು. ಆಕೆಗೆ ತಿಳಿದಿದ್ದದ್ದು ಡಾಕ್ಟರು ಹಿಂದೆ ಹೇಳಿಕೊಟ್ಟಷ್ಟೇ, ಅದನ್ನೇ ಪಾಠದಂತೆ ಒಪ್ಪಿಸುತ್ತಿದ್ದಳು: ಬಿಸಿಲಿಗೆ ಬಿಡಬ್ಯಾಡ, ಉಳಿದ ದನ ದೂರ ಕಟ್ಟು, ಸಬಕಾರ ಹಚ್ಚಿ ಕೈ ತೊಳಕೊ. ಕೆಳರೆಪ್ಪೆ ಎಳೆದು ಮುಲಾಮು ಬಿಡುವಾಗ ಮಾತ್ರ ಆಕೆಯ ಬೆರಳು ಕೂಸಿಗೆ ಕಾಡಿಗೆ ಹಚ್ಚುವ ಬೆರಳು. ಪ್ಯಾಂಟಿನ ಬಟ್ಟೆಯಲ್ಲಿ ಕಣ್ಣಿಗೆ ಮರೆ ಹೊಲಿದು ಮೊಗಹಗ್ಗಕ್ಕೆ ಕಟ್ಟಿದಳು, ನೀರು ಇಳಿಯಲೆಂದು ಕೆಳಗೆ ಸಡಿಲ ಬಿಟ್ಟಳು.

ಮಂಜು ಕಟ್ಟಿದಂತಿದ್ದ ಕಣ್ಣು ದಿನದಿನಕ್ಕೆ ತಿಳಿಯಾಯಿತು. ಮರೆ ಬಿಚ್ಚಿದ ಬೆಳಿಗ್ಗೆ ನಾನು ಕುಣಿಯುವುದೊಂದು ಬಾಕಿ. ದೊಡ್ಡವ್ವ ನಗಲಿಲ್ಲ. ಆ ಕಣ್ಣಿನ ಎದುರು ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದಳು.

"ಇಷ್ಟ ನೋಡವ್ವ. ಇಷ್ಟ ಮಾಡಿದ್ರ ಸಾಕಿತ್ತು" ಎಂದಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಸಂತೋಷವೇ ಆಕೆಗೆ ಚುಚ್ಚಿತಲ್ಲ ಎಂದು ನನಗೆ ಸಂಕಟವಾಯಿತು.

ಹೋದ ವರ್ಷ ದೊಡ್ಡವ್ವನಿಗೆ ಲಕ್ವಾ ಹೊಡೆಯಿತು. ಆದೋನಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಎಡಗೈ ಎಡಗಾಲು ಉಳಿಯಲಿಲ್ಲ. ಎಡಗಡೆಯ ನೋಟವೂ ಹೋಗಿತ್ತು. ಆ ಕಡೆಯಿಂದ ಯಾರಾದರೂ ಬಂದು ಮುಟ್ಟಿದರೆ ಮಂಚದ ಮೇಲೆ ಮೈಯೆಲ್ಲ ಬೆಚ್ಚಿಬೀಳುತ್ತಿತ್ತು. ನಾನು ಗಂಜಿ ಒಯ್ಯುವಾಗ ಹೊಸ್ತಿಲಿಂದಲೇ, "ದೊಡ್ಡವ್ವ, ನಾನದೀನಿ, ಬರಾಕತ್ತೀನಿ" ಎನ್ನತೊಡಗಿದೆ. ಆಕೆ ಕತ್ತು ಪೂರ್ತಿ ಹೊರಳಿಸಿ ನನ್ನನ್ನು ಹುಡುಕುತ್ತಿದ್ದಳು.

ಒಂದು ದಿನ ತೊದಲುತ್ತ ಕೇಳಿದಳು. "ಅಂವಗೂ ಹಿಂಗ ಇತ್ತೇನವ್ವ? ಇಷ್ಟು ಅಂಜಿಕಿ?"

ಎತ್ತಿನ ಬಗ್ಗೆ ಕೇಳುತ್ತಿದ್ದಾಳೆಂದು ಗೊತ್ತಿತ್ತು. ಇಲ್ಲ ಎಂದುಬಿಡಬಹುದಿತ್ತು. "ನೀ ಬಾಜೂಕ ಇರ್ತಿದ್ದೆಲ್ಲ ದೊಡ್ಡವ್ವ" ಎಂದೆ. ಆಕೆ ಕಣ್ಣು ಮುಚ್ಚಿದಳು. ಅಷ್ಟು ಸಾಲದೆಂದು ನನಗೂ ಗೊತ್ತಿತ್ತು.

ಸಂಕ್ರಾಂತಿಗೆ ಮುಂಚೆ ತೀರಿಕೊಂಡಳು. ಹಿರಿಯರು ಹೋದಾಗ ಎಲೆ ಅಡಿಕೆ ಕುಟ್ಟಿ ಬಾಯಲ್ಲಿಡುವುದು ನಮ್ಮಲ್ಲಿ ಪದ್ಧತಿ. ಪತ್ತಿಕೊಂಡದಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಎಲೆಯ ಬೆನ್ನಿಗೆ ಸುಣ್ಣ ಹಚ್ಚುತ್ತಿದ್ದಳು. ಅಷ್ಟು ಹಿರಿಯರ ನಡುವೆ ಪಕ್ಕದ ಮನೆ ಸೊಸೆ ಏನೆಂದು ಬಾಯಿ ಬಿಡಲಿ?

ಅಷ್ಟರಲ್ಲಿ ನಮ್ಮತ್ತೆ ಎದ್ದರು. ಆ ಎಲೆಯನ್ನು ಕಿತ್ತುಕೊಂಡು ಸೆರಗಿನಲ್ಲಿ ಸುಣ್ಣ ಒರೆಸಿದರು. ಒರೆಸಿದ್ದೂ ಸಾಲದೆನಿಸಿ ಎಲೆಯನ್ನೇ ಆಚೆ ಎಸೆದರು.

"ಬ್ಯಾರೆ ಎಲಿ ತರ್ರಿ. ಆಕಿ ಬಾಯಾಗ ಸುಣ್ಣ ಬ್ಯಾಡ."

ತಂದ ಎಲೆಯನ್ನು ನೀರಿನಲ್ಲಿ ತೊಳೆದು, ತಾವೇ ಕುಟ್ಟಿ, ಹೆಣದ ಎಡಕ್ಕೆ ಹೋಗಿ ಕುಳಿತರು. ಬಾಯಲ್ಲಿಡುವ ಮೊದಲು ಬಗ್ಗಿ, "ಯಕ್ಕಾ, ನಾನದೀನಿ" ಎಂದರು.