ಅಕ್ಕನಿಗೆ ಬಿದ್ದ ಒಂದು ಮತ

ಪೇಪರ್ ಓದುವಾಗ ಅಕ್ಕ ಕನ್ನಡಕವನ್ನು ಹಣೆಗೇರಿಸಿ, "ಇದನ್ನ ಬರೆಸಿದ್ದು ಯಾರು?" ಎನ್ನುತ್ತಿದ್ದಳು. ಹವಾಮಾನ ವರದಿಗೂ ಅದೇ ಪ್ರಶ್ನೆ.

ಜರ್ಮನಿಯ ನಮ್ಮೂರಿನಲ್ಲಿ, ಮೇಯರ್ ಹುದ್ದೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಸದಸ್ಯರು ಮತ ಹಾಕುವಾಗ ಅಕ್ಕನೂ ಸ್ಪರ್ಧಿಸಿದಳು. ಎದುರಿಗೆ ವಲಸಿಗರನ್ನು ಕಂಡರಾಗದ ಒಬ್ಬ ವಕೀಲ, ಇನ್ನೊಬ್ಬರು ಶಾಲೆಯ ಮೇಷ್ಟ್ರು. ಊರಿನ ಪತ್ರಿಕೆ ಮೇಷ್ಟ್ರನ್ನು ಬೆಂಬಲಿಸಿತು. ಅಕ್ಕನಿಗೆ ಮತ ಹಾಕಿದರೆ ವಕೀಲನ ವಿರುದ್ಧದ ಮತಗಳು ಹಂಚಿಹೋಗಿ ಅವನೇ ಗೆಲ್ಲುತ್ತಾನೆ ಎಂದು ಬರೆಯಿತು. ಹೆಚ್ಚು ಓದದ ನಾನು ಅದನ್ನೇ ನಂಬಿ, ಅಕ್ಕನಿಗೆ ಹೇಳದೆ ಮೇಷ್ಟ್ರಿಗೆ ಹಾಕಿದೆ.

ಮೇಷ್ಟ್ರು ಗೆದ್ದರು. ನಮ್ಮ ಬಡಾವಣೆಯ ಶಾಖೆಯಲ್ಲಿ ಅಕ್ಕನಿಗೆ ಬಿದ್ದದ್ದು ಒಂದೇ ಮತ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಅವಳು ಒಬ್ಬೊಬ್ಬರನ್ನೇ ನೆನೆದು ಅನುಮಾನಪಟ್ಟಳು. "ಆ ಮುದುಕಪ್ಪ ಎರಡೂ ಕೈಯಲ್ಲಿ ಕೈ ಹಿಡ್ಕೊಂಡಾಗಲೇ ಅಂದ್ಕೊಂಡೆ, ಇವನು ಹಾಕಲ್ಲ ಅಂತ." ಆಮೇಲೆ ದನಿ ತಗ್ಗಿಸಿದಳು. "ನಾನೇ ಹೆದರಿ ಮೇಷ್ಟ್ರಿಗೆ ಹಾಕ್ಬಿಟ್ಟೆ ಕಣೋ. ನೀನೊಬ್ಬನೇ ನನ್ನ ಕೈ ಬಿಡಲಿಲ್ಲ."

ಆ ಮತ ಯಾರದೋ ನನಗೂ ತಿಳಿಯದು. "ಬಿಡಕ್ಕ, ಆಗಿದ್ದಾಯ್ತು" ಎಂದಷ್ಟೇ ಹೇಳಿದೆ.

ಅವಳು ನನ್ನ ಭುಜಕ್ಕೊರಗಿ ನಿದ್ದೆಹೋದಳು. ನಮ್ಮ ಸ್ಟಾಪ್ ಬಂದರೂ ಎಬ್ಬಿಸುವ ಧೈರ್ಯವಾಗಲಿಲ್ಲ.